ಎಡಗಿವಿ

ಕಿವಿ ತಿರುಗಲಿಲ್ಲ.

ಅವಳು ಮೌಸನ್ನು ಎಡಕ್ಕೆ ಎಳೆದಳು. ಪರದೆಯ ನಡುವೆ ಬೂದು ಬಣ್ಣದ ಕಿವಿ ಇದ್ದಲ್ಲೇ ಇತ್ತು. ಇನ್ನೊಮ್ಮೆ ಎಳೆದಳು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಯಾರೋ ಹಿಂದಿನಿಂದ ನೂಕಿದ ಹಾಗೆ ಅದು ಒಂದೇ ಸಲಕ್ಕೆ ಅರ್ಧ ಸುತ್ತು ತಿರುಗಿ, ಬೆನ್ನು ಹಾಕಿ ನಿಂತಿತು. ಅವಳಿಗೆ ಬೇಕಾಗಿದ್ದದ್ದು ಕೂದಲೆಳೆಯಷ್ಟು ತಿರುವು.

ಮೇಜಿನ ಕೆಳಗೆ ಕಂಪ್ಯೂಟರಿನ ಫ್ಯಾನು ಏದುಸಿರು ಬಿಡತೊಡಗಿತು. ನಿನ್ನೆ ಸಂಜೆಯವರೆಗೆ ಅದು ಸದ್ದೇ ಮಾಡುತ್ತಿರಲಿಲ್ಲ. ಕಿವಿಯನ್ನು ಬೆರಳ ತುದಿಯಲ್ಲಿ ಹಿಡಿದು ನೋಡಿದಂತೆ ತಿರುಗಿಸಬಹುದಿತ್ತು. ಅಂಚನ್ನು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಕೆತ್ತಬಹುದಿತ್ತು. ಇವತ್ತು ಪ್ರತಿಯೊಂದು ಅಲುಗಾಟಕ್ಕೂ ಅದು ನಿಂತು ಯೋಚಿಸುತ್ತಿತ್ತು, ಇಷ್ಟವಿಲ್ಲದ ಕೆಲಸ ಹೇಳಿಸಿಕೊಂಡವರಂತೆ.

ಕೆಳಗೆ ಟೈರಿನ ಅಂಗಡಿ, ಮೇಲೆ ಇವರ ಲ್ಯಾಬು. ಕಿವಿ, ಮೂಗು, ಬೆರಳು ಕಳೆದುಕೊಂಡವರಿಗೆ ಸಿಲಿಕೋನಿನಲ್ಲಿ ಅವನ್ನು ಮಾಡಿಕೊಡುವ ಜಾಗ. ಇದ್ದವರು ಮೂವರೇ: ಯಜಮಾನರಾದ ಡಾಕ್ಟರು, ಅಚ್ಚು ಹೊಯ್ಯುವ ಮೇಣದಣ್ಣ, ಮತ್ತು ಪರದೆಯ ಮೇಲೆ ಕೆತ್ತುವ ಅವಳು. ಕಾಲೇಜಿನಲ್ಲಿ ಅವಳು ಕಲಿತದ್ದು ಶಿಲ್ಪ. ಇಡೀ ಮನುಷ್ಯರನ್ನು ಮಾಡುತ್ತೇನೆಂದು ಹೊರಟವಳು ನಲವತ್ತು ದಾಟುವ ಹೊತ್ತಿಗೆ ಮನುಷ್ಯರಿಗೆ ಕಡಿಮೆ ಬಿದ್ದದ್ದನ್ನು ಮಾಡುತ್ತಿದ್ದಳು. ಬಸ್ಸಿನಲ್ಲಿ ಕೂತಾಗ ಅವಳ ಕಣ್ಣು ಮುಖಗಳನ್ನು ಬಿಟ್ಟು ಕಿವಿಗಳ ಮೇಲೆ ಹೋಗುತ್ತಿತ್ತು. ಮುಖಗಳು ಏನನ್ನಾದರೂ ಬೇಡುತ್ತವೆ. ಕಿವಿಗಳಿಗೆ ಆ ಅಭ್ಯಾಸವಿಲ್ಲ.

ಇವತ್ತಿನ ಕಿವಿ ಟಿಕೆಟ್ ಕೌಂಟರಿನಲ್ಲಿ ಕೂರುವ ಒಬ್ಬ ಹೆಂಗಸಿನದು. ಗಡ್ಡೆಯೊಂದನ್ನು ತೆಗೆಯುವಾಗ ಆಕೆಯ ಎಡಗಿವಿಯೂ ಹೋಗಿತ್ತು. ಉಳಿದ ಬಲಗಿವಿಯನ್ನು ಸ್ಕ್ಯಾನ್ ಮಾಡಿ, ಅದನ್ನೇ ಕನ್ನಡಿಯ ಬಿಂಬದಂತೆ ಮಗುಚಿ ಎಡಗಿವಿ ಮಾಡಬೇಕು. ಸಾಮಾನ್ಯವಾಗಿ ಎಲ್ಲರೂ ಮೊದಲು ಮಗುಚಿಕೊಂಡು ಆಮೇಲೆ ಕೆತ್ತುತ್ತಾರೆ. ಅವಳು ಹಾಗಲ್ಲ. ಆಕೆಯ ತಲೆಯ ಎಡಮಗ್ಗುಲನ್ನೇ ಮಗುಚಿ ಬಲಮಗ್ಗುಲಾಗಿಸಿಕೊಂಡು, ಕಿವಿ ಹುಟ್ಟಿದ ಹಾಗೆ ಬಲಗಿವಿಯಾಗಿಯೇ ಅದರ ಮೇಲೆ ಕೂರಿಸಿ ಕೆತ್ತುತ್ತಿದ್ದಳು. ಎಲ್ಲ ಮುಗಿದ ಮೇಲೆ ಕೊನೆಯಲ್ಲಿ ಒಂದೇ ಸಲ 'ಪ್ರತಿಬಿಂಬ' ಒತ್ತುತ್ತಿದ್ದಳು. ಇದ್ಯಾಕೆ ಹೀಗೆ ತಿರುಗುಮುರುಗು ಎಂದು ಡಾಕ್ಟರು ಮೊದಮೊದಲು ಕೇಳಿದ್ದರು. ನಿಜವಾದ ಕಿವಿ ಇದು, ಇನ್ನೊಂದು ಬರೀ ನೆರಳು ಎಂದು ಹೇಳಲು ಅವಳಿಗೆ ಸಂಕೋಚವಾಗಿ, "ಕೈಗೆ ರೂಢಿ" ಅಂದಿದ್ದಳು. ಆಮೇಲೆ ಅವರು ಕೇಳುವುದನ್ನು ಬಿಟ್ಟರು.

"ಏನಾಯ್ತು? ಫ್ಯಾನು ಕೂಗ್ತಿದೆ." ಡಾಕ್ಟರು ಬಾಗಿಲಲ್ಲಿ ನಿಂತಿದ್ದರು.

"ಸ್ವಲ್ಪ ನಿಧಾನ ಆಗಿದೆ. ನಿನ್ನೆ ಅಪ್‌ಗ್ರೇಡ್ ಮಾಡಿದ್ದು."

"ಅಪ್‌ಗ್ರೇಡ್ ಮಾಡಿದ್ರೆ ಜೋರಾಗ್ಬೇಕಲ್ವಾ?"

"ಆಗ್ಬೇಕಿತ್ತು."

ಅವರು ಒಳಗೆ ಬಂದು ಪರದೆ ನೋಡಿದರು. ಕಿವಿ ತುಂಡುತುಂಡಾಗಿ, ಮೊದಲು ಅಂಚು, ಆಮೇಲೆ ಗುಳಿ, ಆಮೇಲೆ ಹಾಲೆ ಎಂದು ಬಿಡಿಸಿಕೊಳ್ಳುತ್ತಿತ್ತು.

"ನಾಲ್ಕು ಗಂಟೆಗೆ ಮೇಣದಣ್ಣ ಪ್ರಿಂಟರ್ ಶುರು ಮಾಡ್ಬೇಕು. ಸಂಜೆಗೆ ಮಾದರಿ ಕೈಗೆ ಬಂದ್ರೆ ನಾಳೆ ಬೆಳಿಗ್ಗೆ ಆಕೆಗೆ ಇಟ್ಟು ನೋಡ್ಬಹುದು. ಎರಡು ಸಲ ಬಂದು ಬರಿಗೈಲಿ ಹೋಗಿದಾರೆ ಪಾಪ. ನಾಳೆ ಮಧ್ಯಾಹ್ನ ನಾನು ಹೊರಟ್ರೆ ಇನ್ನು ಮುಂದಿನ ತಿಂಗಳೇ."

"ಆಗುತ್ತೆ."

"ಆಗಲ್ಲ ಅಂದ್ರೆ ಈಗ್ಲೇ ಹೇಳಿಬಿಡಿ. ಬೇಜಾರಿಲ್ಲ. ಸ್ಕ್ಯಾನ್ ಕಂಪನಿಗೆ ಕಳಿಸಿಬಿಡ್ತೀನಿ. ಅವರ ಹೊಸ ಸಾಫ್ಟ್‌ವೇರ್ ಎಲ್ಲಾ ತಾನೇ ಮಾಡುತ್ತಂತೆ. ಈ ಕಡೆ ಕಿವಿ ಹಾಕಿದ್ರೆ ಆ ಕಡೆ ಕಿವಿ ಬರುತ್ತೆ. ಕೊನೇಲಿ ಒಂದ್ಸಲ ನೋಡಿ ಸರಿ ಅನ್ನೋಕೆ ಒಬ್ರಿದ್ರೆ ಸಾಕು ಅಂತಾರೆ."

"ಒಬ್ರು ಅಂದ್ರೆ?"

"ಯಾರಾದ್ರೂ."

ಹೇಳಿದ್ದು ಹೆಚ್ಚಾಯಿತೇನೋ ಎಂಬಂತೆ ಅವರು ಮೇಜಿನ ಮೇಲಿದ್ದ ಅಳತೆಯ ಕೋಲನ್ನು ಎತ್ತಿ ಅಲ್ಲೇ ಇಟ್ಟರು. "ನಾಲ್ಕು ಗಂಟೆವರೆಗೂ ನೋಡೋಣ," ಎಂದು ಹೋದರು.

ಅವಳು ಗಂಡನಿಗೆ ಫೋನ್ ಮಾಡಿದಳು.

ಈ ಕಂಪ್ಯೂಟರಿಗೆ ಲಿನಕ್ಸ್ ಹಾಕಿಕೊಟ್ಟವನು ಅವನೇ. ಅವನು ಬೇರೆ ಆಫೀಸಿನಲ್ಲಿ ಎಂಜಿನಿಯರು. ಇದು ಅವನು ಅವಳಿಗೆ ಮಾಡಿದ ಉಪಕಾರ, ಹಾಗೆಂದು ಅವನು ಯಾವತ್ತೂ ಬಾಯಿಬಿಟ್ಟು ಹೇಳಿದವನಲ್ಲ. ನಿನ್ನೆ ಊಟವಾದ ಮೇಲೆ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು, "ನಿನ್ನ ಮಷೀನು ತುಂಬಾ ಹಳೇದಾಯ್ತು, ಅಪ್‌ಗ್ರೇಡ್ ಮಾಡಿಬಿಡ್ತೀನಿ," ಅಂದಿದ್ದ. ಪ್ರಶ್ನೆಯಲ್ಲ. ಅವಳು ಪಕ್ಕದಲ್ಲಿ ಕೂತು ಬಟ್ಟೆ ಮಡಿಸುತ್ತಿದ್ದಳು. ದೂರದ ಕತ್ತಲೆ ಕೋಣೆಯಲ್ಲಿದ್ದ ಅವಳ ಯಂತ್ರದೊಳಗೆ ಅವನು ಮನೆಯಿಂದಲೇ ಹೋಗಿ, ಮುಗಿಸಿ, ಆರಿಸಿ, ಆಕಳಿಸಿದ್ದ.

"ಹೇಳು," ಅಂದ. ಹಿಂದೆ ಯಾರದೋ ಮಾತು ಕೇಳುತ್ತಿತ್ತು.

"ಮಾಡೆಲ್ ತಿರುಗ್ತಾನೇ ಇಲ್ಲ. ಗ್ರಾಫಿಕ್ಸ್ ಕಾರ್ಡ್ ಕೆಲಸ ಮಾಡ್ತಿಲ್ಲ ಅನ್ಸುತ್ತೆ."

"ರೀಸ್ಟಾರ್ಟ್ ಮಾಡು."

"ಮಾಡ್ದೆ."

"ಇನ್ನೊಂದ್ಸಲ ಮಾಡು."

"ಎರಡು ಸಲ ಮಾಡ್ದೆ."

"ಹಾಗಾದ್ರೆ ಹಳೇ ಕರ್ನಲ್‌ನಿಂದ ಬೂಟ್ ಮಾಡಿ ನೋಡು. ಆಮೇಲೆ ಮಾತಾಡ್ತೀನಿ."

ಫೋನಿನಲ್ಲಿ ಮಾತಾಡುವಾಗ ಗಂಡನ ಮುಖ ಅವಳಿಗೆ ಹೊಳೆಯುತ್ತಿರಲಿಲ್ಲ. ಹೊಳೆಯುತ್ತಿದ್ದದ್ದು ಅವನ ಕಿವಿ: ಕೆನ್ನೆಗೆ ಅಂಟಿಕೊಂಡ ಹಾಲೆ, ಮೇಲಿನ ಅಂಚಿನಲ್ಲಿ ಸಣ್ಣದೊಂದು ಗಂಟು. ಕಣ್ಣು ಮುಚ್ಚಿ ಕೆತ್ತಬಲ್ಲಳು. ಅವನಿಗೆ ತನ್ನದೇನು ಹೊಳೆಯುತ್ತಿರಬಹುದು ಎಂದು ಒಮ್ಮೊಮ್ಮೆ ಯೋಚಿಸುವಳು. ದನಿಯೇ ಇರಬೇಕು. ಏನಾದರೂ ಕೆಟ್ಟಿದೆ ಎಂದು ಹೇಳುವ ದನಿ.

ಅಪ್‌ಗ್ರೇಡಿಗೆ ಮುಂಚಿನ ಹಳೇ ಕರ್ನಲ್‌ನಲ್ಲಿ ಯಂತ್ರವನ್ನು ಎಬ್ಬಿಸಿದರೂ ಕಿವಿ ತಿರುಗಲಿಲ್ಲ.

ಪರದೆಯ ಮೇಲೆ ಆಜ್ಞೆ ಬರೆಯುವ ಕಪ್ಪು ಕಿಟಕಿಯೊಂದನ್ನು ತೆರೆದು ಅವಳು ಯಂತ್ರವನ್ನೇ ಕೇಳತೊಡಗಿದಳು. ಚಿತ್ರ ಬಿಡಿಸುತ್ತಿರುವುದು ಯಾರು? ಪ್ರೊಸೆಸರು ಎಂದು ಉತ್ತರ ಬಂತು. ಲೆಕ್ಕ ಮಾಡಬೇಕಾದದ್ದು ಲೆಕ್ಕವನ್ನೂ ಮಾಡುತ್ತಾ ಚಿತ್ರವನ್ನೂ ಬಿಡಿಸುತ್ತಾ ಸುಸ್ತಾಗಿ ಕೂಗುತ್ತಿತ್ತು. ಹಾಗಾದರೆ ಗ್ರಾಫಿಕ್ಸ್ ಕಾರ್ಡು ಇದೆಯೋ ಇಲ್ಲವೋ? ಇದೆ. ಹೆಸರು, ನಂಬರು, ಕೂತ ಜಾಗ ಎಲ್ಲವನ್ನೂ ತೋರಿಸಿತು. ಬಳಕೆಯಲ್ಲಿರುವ ಡ್ರೈವರ್ ಎಂದು ಬರೆದು ಮುಂದೆ ಖಾಲಿ ಬಿಟ್ಟಿತು. ಅಂದರೆ ಕಾರ್ಡು ಅಲ್ಲೇ ಇದೆ, ಕರೆಂಟೂ ಕುಡಿಯುತ್ತಿದೆ, ಬಿಸಿಯೂ ಇದೆ. ಅದರ ಜೊತೆ ಮಾತಾಡುವವರಿಲ್ಲ, ಅಷ್ಟೇ.

ಅವಳು ಆ ಖಾಲಿ ಜಾಗವನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನೋಡಿದಳು.

ಡ್ರೈವರನ್ನು ಕೈಯಿಂದಲೇ ಎಬ್ಬಿಸಲು ನೋಡಿದಾಗ ಒಂದೇ ಸಾಲು ಬಂತು: ಕೀಲಿಯನ್ನು ತಿರಸ್ಕರಿಸಲಾಗಿದೆ. ಅದನ್ನು ಇಂಟರ್‌ನೆಟ್ಟಿನಲ್ಲಿ ಹುಡುಕಿದಳು. ಯಾರೋ ಇದೇ ತೊಂದರೆಯನ್ನು ಇದೇ ಮಾತಿನಲ್ಲಿ ಹೇಳಿಕೊಂಡಿದ್ದರು. ಕೆಳಗೆ ಹತ್ತಾರು ಜನ ಡ್ರೈವರ್ ತೆಗೆದು ಮತ್ತೆ ಹಾಕಿ, ಕೇಬಲ್ ಬದಲಾಯಿಸಿ, ಬೇರೆ ಕಾರ್ಡು ಕೊಳ್ಳಿ ಎಂದು ಬುದ್ಧಿ ಹೇಳಿದ್ದರು. ಕೊನೆಯಲ್ಲಿ ಕೇಳಿದವರೇ ಬಂದು, "ಸರಿಹೋಯಿತು, ಎಲ್ಲರಿಗೂ ಧನ್ಯವಾದ," ಎಂದು ಬರೆದು ಹೇಗೆಂದು ಹೇಳದೆ ಹೋಗಿದ್ದರು.

ಗಂಡ ಮತ್ತೆ ಫೋನ್ ಮಾಡಿದ. "ಕೈ ಬಿಡು, ನಾನೇ ಬರ್ತೀನಿ."

ಮೌಸಿನ ಬಾಣ ತಾನಾಗಿ ಚಲಿಸಿತು. ಅವಳು ಕೈ ತೆಗೆದು ಮಡಿಲಲ್ಲಿಟ್ಟುಕೊಂಡಳು. ಕಿಟಕಿಗಳು ತೆರೆದುಕೊಂಡವು, ಮುಚ್ಚಿಕೊಂಡವು. ಅಕ್ಷರಗಳು ಅವಳು ಓದುವ ಮೊದಲೇ ಮೇಲೆ ಓಡಿದವು. ಅವಳ ಕುರ್ಚಿ, ಅವಳ ಮೇಜು, ಅವಳ ಪರದೆ. ಅದರೊಳಗೆ ಬೇರೆ ಯಾರೋ ಓಡಾಡುತ್ತಿದ್ದರು.

"ಕೀಲಿ ತಿರಸ್ಕರಿಸಲಾಗಿದೆ ಅಂತ ಬರ್ತಿದೆ," ಅಂದಳು.

"ಅದು ಬರುತ್ತೆ ಯಾವಾಗ್ಲೂ. ಅದೇನಲ್ಲ."

"ನಿನ್ನೆ ಅಪ್‌ಗ್ರೇಡ್ ಮಾಡುವಾಗ ಏನಾದ್ರೂ ಕೇಳ್ತಾ ನಿಮ್ಮನ್ನ?"

"ಏನು ಕೇಳುತ್ತೆ?"

"ಏನಾದ್ರೂ. ಪಾಸ್‌ವರ್ಡ್ ಗೀಸ್‌ವರ್ಡ್."

ಬಾಣ ಒಂದು ಗಳಿಗೆ ನಿಂತಿತು.

"ಕೇಳ್ತಿರುತ್ತೆ ಏನೇನೋ. ಕೊಟ್ಟಿರ್ತೀನಿ. ಈಗ ಡ್ರೈವರ್ ತೆಗೆದು ಮತ್ತೆ ಹಾಕ್ತಿದೀನಿ, ಮುಟ್ಬೇಡ."

ಪರದೆಯ ಮೇಲೆ ಉದ್ದದೊಂದು ಪಟ್ಟಿ ತುಂಬುತ್ತಾ ಹೋಯಿತು. ಅರ್ಧ ದಾರಿಯಲ್ಲಿ ಅವನು, "ಮೀಟಿಂಗಿಗೆ ಕರೀತಿದಾರೆ, ಅದು ತಾನೇ ಮುಗಿಸ್ಕೊಳ್ಳುತ್ತೆ," ಅಂದ. ಬಾಣ ಸತ್ತಂತೆ ಮೂಲೆಯಲ್ಲಿ ನಿಂತುಬಿಟ್ಟಿತು. ಅವಳು ಮೌಸ್ ಮುಟ್ಟಲು ಹೋಗಿ ಹಿಂತೆಗೆದಳು. ಪಟ್ಟಿ ತುಂಬಿತು. ಯಂತ್ರ ಮತ್ತೆ ಏಳುವ ಹೊತ್ತಿಗೆ ಊಟದ ಸಮಯ ಕಳೆದುಹೋಗಿತ್ತು. ಕಿವಿ ಮೊದಲಿಗಿಂತ ನಿಧಾನವಾಗಿ ಬಿಡಿಸಿಕೊಂಡಿತು, ಅಥವಾ ಅವಳಿಗೆ ಹಾಗನಿಸಿತು.

ಇನ್ನು ರಿಪೇರಿಯ ಯೋಚನೆ ಬಿಟ್ಟು ಹೀಗೇ ಕೆತ್ತುವುದು. ಉಳಿದದ್ದು ಅಂಚು ತೆಳುವಾಗಿಸುವುದು, ಕಿವಿಯ ಹಿಂದೆ ಕನ್ನಡಕದ ಕಡ್ಡಿ ಕೂರುವ ತೋಡು ಆಳವಾಗಿಸುವುದು. ಒಂದು ಗೆರೆ ಎಳೆಯುವಳು, ಕೈ ಕಟ್ಟಿ ಕಾಯುವಳು. ಗೆರೆ ಎಲ್ಲಿ ಬಿತ್ತೆಂದು ಆಮೇಲೆ ಗೊತ್ತಾಗುವುದು. ಕತ್ತಲಲ್ಲಿ ಮೆಟ್ಟಿಲು ಇಳಿದ ಹಾಗೆ, ಕಾಲಿಟ್ಟ ಮೇಲೆಯೇ ನೆಲ.

ಫೋನು ಬಡಿದುಕೊಂಡಿತು. ಟಿಕೆಟ್ ಕೌಂಟರಿನಾಕೆ.

"ಮೇಡಂ, ನಾಳೆ ಖಂಡಿತಾ ತಾನೇ? ರಜೆ ಹಾಕ್ಬಿಡ್ಲಾ?"

"ಹಾಕಿ."

"ಹೋದ್ಸಲಾನೂ ಹಾಕಿ ಅಂದಿದ್ರಿ. ನಮ್ಮ ಸಾಹೇಬ್ರು, ಏನಮ್ಮ ಕಿವಿ ಇನ್ನೂ ಬೆಳೀಲಿಲ್ವಾ ಅಂತಾರೆ." ಆಕೆ ನಕ್ಕಳು. ಹಿಂದೆ ಸಾಲಿನಲ್ಲಿ ನಿಂತವರ ಗದ್ದಲ ಕೇಳುತ್ತಿತ್ತು. "ನಂಗೆ ಅಂದ ಚೆಂದ ಏನೂ ಬೇಡ ಮೇಡಂ. ಕೂದ್ಲು ಬಿಟ್ಟು ಮುಚ್ಕೊಳ್ತೀನಿ. ಕನ್ನಡಕಕ್ಕೆ ಒಂದು ಗೂಟ ಆದ್ರೆ ಸಾಕು. ಇದನ್ನ ಎಲಾಸ್ಟಿಕ್ ಕಟ್ಟಿ ಕಟ್ಟಿ ತಲೆಯೆಲ್ಲಾ ನೋಯುತ್ತೆ. ಬಗ್ಗಿ ಚಿಲ್ರೆ ಎಣಿಸೋ ಹೊತ್ಗೆ ಜಾರಿ ಗಲ್ಲಕ್ಕೆ ಬಂದಿರುತ್ತೆ."

"ಗೂಟ ಚೆನ್ನಾಗಿ ಮಾಡ್ತಿದೀನಿ," ಅಂದಳು ಅವಳು. ಆ ದಿನದಲ್ಲಿ ಮೊದಲ ಸಲ ನಗು ಬಂದಿತ್ತು.

"ನಮ್ಮನೇವ್ರು ಹೇಳಿದ್ದನ್ನ ಈ ಕಿವೀಲಿ ಕೇಳಿ ಆ ಕಿವೀಲಿ ಬಿಡೋಕೆ ಆ ಕಿವಿನೇ ಇಲ್ಲ ನೋಡಿ. ಎಲ್ಲಾ ತಲೇಲೇ ಉಳ್ಕೊಳ್ತಿದೆ. ಬೇಗ ಮಾಡ್ಕೊಡಿ ಪುಣ್ಯ ಬರುತ್ತೆ. ಏ, ಚಿಲ್ರೆ ಕೊಡಪ್ಪ. ಇಡ್ತೀನಿ ಮೇಡಂ."

ಅವಳು ತೋಡನ್ನು ಇನ್ನೊಂದಿಷ್ಟು ಆಳ ಮಾಡಿದಳು. ಗೆರೆ, ಕಾಯುವುದು. ಗೆರೆ, ಕಾಯುವುದು. ಬೆನ್ನು ಮರಗಟ್ಟಿತ್ತು. ಡಾಕ್ಟರು ಎರಡು ಸಲ ಬಾಗಿಲ ಮುಂದೆ ಹಾದುಹೋದರು, ಎರಡು ಸಲವೂ ಒಳಗೆ ನೋಡದೆ. ನೋಡದಿರುವುದಕ್ಕೆ ಅವರು ಪಟ್ಟ ಶ್ರಮ ಅವಳ ಕತ್ತಿನ ಮೇಲೆ ಕೂತಿತು.

ಮೂರೂವರೆ ದಾಟಿದ ಮೇಲೆ ಮೇಣದಣ್ಣ ಇಣುಕಿದ. "ಅಕ್ಕಾ, ಪ್ರಿಂಟರ್ ಬಿಸಿ ಮಾಡ್ಲಾ?"

"ಮಾಡು."

"ನಿಜವಾಗ್ಲೂ ಮಾಡ್ಲಾ, ಸುಮ್ನೆ ಮಾಡ್ಲಾ?"

"ನಿಜವಾಗ್ಲೂ."

ಕೊನೆಯ ಗೆರೆ ಬಿತ್ತು. ಕೈಯ ಬೆವರನ್ನು ಸೆರಗಿಗೆ ಒರೆಸಿಕೊಂಡು 'ಪ್ರತಿಬಿಂಬ' ಒತ್ತಿದಳು.

ಏನೂ ಆಗಲಿಲ್ಲ. ಕಿವಿ ಕದಲಲಿಲ್ಲ. ಫ್ಯಾನು ಕೂಡ ಸದ್ದು ತಗ್ಗಿಸಿದಂತಿತ್ತು. ಒತ್ತಿದ್ದು ತಾಗಲಿಲ್ಲವೇನೋ. ಹೊರಗೆ ಡಾಕ್ಟರು ಯಾರಿಗೋ ಫೋನಿನಲ್ಲಿ, "ಇಲ್ಲ, ಇನ್ನೂ ಗೊತ್ತಿಲ್ಲ, ಹತ್ತು ನಿಮಿಷ ತಡೀರಿ," ಎನ್ನುತ್ತಿದ್ದರು. ಅವಳು ಮತ್ತೊಮ್ಮೆ ಒತ್ತಿದಳು. ಪರದೆ ಬಿಳಿಚಿತು. ಪ್ರೋಗ್ರಾಂ ಉತ್ತರಿಸುತ್ತಿಲ್ಲ, ಕಾಯುವಿರಾ, ಮುಚ್ಚುವಿರಾ ಎಂದು ಕೇಳಿತು. ಕಾಯುತ್ತೇನೆ ಅಂದಳು.

ಬಿಳುಪಿನೊಳಗಿಂದ ಕಿವಿ ಬಂತು. ಅಂಚು, ಗುಳಿ, ಹಾಲೆ. ಇಡೀ ದಿನ ನೋಡಿ ನೋಡಿ ಅದು ಕಿವಿಯೆನ್ನುವುದೇ ಅವಳಿಗೆ ಮರೆತುಹೋಗಿತ್ತು; ಬರೀ ಉಬ್ಬು ತಗ್ಗು. ಪಕ್ಕಕ್ಕೆ ತಲೆಯಿರಲಿಲ್ಲ, ಕೆನ್ನೆಯಿರಲಿಲ್ಲ, ಒಂಟಿ ಕಿವಿ. ತಿರುಗಿಸಿ ನೋಡಲು ಇನ್ನಷ್ಟು ಹೊತ್ತು ಬೇಕು. ಅವಳು ತಿರುಗಿಸಲಿಲ್ಲ. ಫೈಲನ್ನು ಪ್ರಿಂಟರಿಗೆ ಕಳಿಸಿದಳು.

"ಬಂತು," ಎಂದು ಹಿಂದಿನ ಕೋಣೆಯಿಂದ ಮೇಣದಣ್ಣನ ಕೂಗು ಕೇಳಿತು.

ಅವನು ಟೀ ತಂದುಕೊಟ್ಟು ಬಾಗಿಲಿಗೆ ಒರಗಿ ನಿಂತ. ಅವಳು ಕುರ್ಚಿಗೆ ತಲೆ ಆನಿಸಿ ಕಣ್ಣು ಮುಚ್ಚಿದ್ದಳು.

"ಬೆಳಗ್ಗಿಂದ ಇದರ ಜೊತೆ ಗುದ್ದಾಡ್ತಿದೀರಾ. ಇದಕ್ಕೆ ಇವತ್ತು ಮೊದ್ಲಿಂದಾನೇ ಮೂಡ್ ಸರಿ ಇಲ್ಲ."

"ಮೊದ್ಲಿಂದಾನೇ ಅಂದ್ರೆ?"

"ನಾನು ಬೆಳಿಗ್ಗೆ ಬಂದು ಎಲ್ಲಾ ಆನ್ ಮಾಡಲ್ವಾ, ಆಗ. ನೀಲಿ ಬಣ್ಣದಲ್ಲಿ ಏನೋ ಕೇಳ್ತಿತ್ತು."

ಅವಳು ಕಣ್ಣು ತೆರೆದಳು. "ಏನು ಕೇಳ್ತಿತ್ತು?"

"ನಾಲ್ಕೈದು ಸಾಲಿತ್ತು. ಮೇಲಿಂದು 'ಮುಂದುವರಿಸು' ಅಂತಿತ್ತು. ಒತ್ತಿದೆ. ಮುಂದುವರೀತು."

"ನಂಗೆ ಹೇಳ್ಬಾರ್ದಾ?"

"ನೀವು ಕೇಳ್ಲಿಲ್ಲ. ನಡೀತಾ ಇತ್ತಲ್ಲ, ಇನ್ನೇನು ಅಂದ್ಕೊಂಡೆ."

ಅಷ್ಟೇ. ಇಡೀ ದಿನದ ಗೋಳು ಅಷ್ಟೇ ಆಗಿತ್ತು. ಕೀಲಿಯ ಜೊತೆ ನೀಲಿ ಪರದೆಯನ್ನೂ ಸೇರಿಸಿ ಹುಡುಕಿದರೆ ಉತ್ತರ ಒಡನೆಯೇ ಸಿಕ್ಕಿತು. ಅಪ್‌ಗ್ರೇಡಿನಲ್ಲಿ ಡ್ರೈವರಿಗೆ ಹೊಸ ಕೀಲಿ ಬಂದಿದೆ. ಆ ಕೀಲಿಯನ್ನು ನಂಬಬಹುದೇ ಎಂದು ಯಂತ್ರ ಮರುದಿನ ಎದ್ದ ಕೂಡಲೇ, ಒಂದೇ ಸಲ, ಎದುರಿಗಿದ್ದವರನ್ನು ಕೇಳುತ್ತದೆ. ದೂರದಿಂದ ಹೌದೆನ್ನಲು ಬರುವುದಿಲ್ಲ. ಯಾರಾದರೂ ಅದರ ಮುಂದೆ ಕೂತು, ಹಿಂದಿನ ದಿನ ಕೊಟ್ಟ ಪಾಸ್‌ವರ್ಡನ್ನು ಬೆರಳಿನಿಂದ ಒತ್ತಬೇಕು. ಗಂಡ ಪಾಸ್‌ವರ್ಡ್ ಕೊಟ್ಟಿದ್ದ, ಅವಳಿಗೆ ಹೇಳಲು ಮರೆತಿದ್ದ, ಮರೆತೆ ಎನ್ನುವುದನ್ನೂ ಹೇಳಲಿಲ್ಲ. ಮೇಣದಣ್ಣ ಮುಂದುವರಿಸಿದ್ದ. ಉತ್ತರ ಸಿಗದ ಯಂತ್ರ ಆ ಪ್ರಶ್ನೆಯನ್ನೇ ಅಳಿಸಿಹಾಕಿ ಕುಂಟುತ್ತಾ ಕೆಲಸ ಶುರುಮಾಡಿತ್ತು.

ಅದನ್ನು ಮತ್ತೆ ಕೇಳುವಂತೆ ಮಾಡಬಹುದಿತ್ತು. ಅವಳು ಹಾಗೇ ಮಾಡಿದಳು. ಹೊಸ ಪಾಸ್‌ವರ್ಡ್ ಕೊಡಿ ಅಂದಿತು. ಈ ಯಂತ್ರದ ಮುಂದೆ ಇಷ್ಟು ವರ್ಷ ಕೂತವಳು ಅದಕ್ಕೊಂದು ಗುಟ್ಟಿನ ಮಾತು ಕೊಡುತ್ತಿರುವುದು ಇದೇ ಮೊದಲು. ಬೇರೆ ಯಾರಿಗೂ ಗೊತ್ತಿರದಂಥ ಮಾತು ಬೇಕು. ಹುಟ್ಟಿದ ದಿನ, ಮನೆಯ ನಂಬರು, ಮಗಳ ಹೆಸರು. ಹೊಳೆದದ್ದೆಲ್ಲ ಎಲ್ಲರಿಗೂ ಗೊತ್ತಿದ್ದದ್ದೇ. ತನ್ನೊಳಗೆ ಇನ್ನಷ್ಟು ಹುಡುಕಿದಳು. ಒಳಗಿನ ಕಪಾಟು ಖಾಲಿಯಿತ್ತು, ಧೂಳು ಕೂಡ ಇರಲಿಲ್ಲ. ಕೊನೆಗೆ 'ಕನ್ನಡಕದ ಗೂಟ' ಎಂದು ಒತ್ತಿದಳು.

ಯಂತ್ರ ಆರಿ ಎದ್ದಿತು. ನೀಲಿ ಪರದೆ ಬಂತು. ಅವಳು 'ಮುಂದುವರಿಸು' ಎಂಬುದನ್ನು ದಾಟಿ ಕೆಳಗಿನ ಸಾಲಿಗೆ ಹೋದಳು. ಒತ್ತಿದ ಅಕ್ಷರ ಒಂದೂ ಕಾಣಲಿಲ್ಲ. ನಂಬುವಿರಾ ಎಂದು ಕೇಳಿತು. ಹೌದು ಅಂದಳು.

ಫ್ಯಾನಿನ ಸದ್ದು ನಿಂತಿತು. ಎಷ್ಟು ಪೂರ್ತಿಯಾಗಿ ನಿಂತಿತೆಂದರೆ ಕೆಳಗೆ ಟೈರಿನೊಳಗೆ ಗಾಳಿ ತುಂಬುವುದು ಕೇಳಿಸಿತು. ಫೈಲು ತೆರೆದಳು. ಮೌಸಿನ ಮೇಲೆ ಬೆರಳಿಟ್ಟದ್ದೇ ತಡ ಕಿವಿ ನೀರಿನಲ್ಲಿ ತೇಲುವಂತೆ ತಿರುಗಿತು. ಹಿಂದೆ, ಮುಂದೆ, ಮೇಲೆ. ಅಂಚು ಅವಳು ಅಂದುಕೊಂಡದ್ದಕ್ಕಿಂತ ನಯವಾಗಿತ್ತು. ಕುರುಡಾಗಿ ಎಳೆದ ಗೆರೆಗಳು ಒಂದೂ ತಪ್ಪಿರಲಿಲ್ಲ. ಖುಷಿಗೆ ಆಕೆಯ ತಲೆಯ ಸ್ಕ್ಯಾನನ್ನೂ ತೆರೆದು ಎಡಮಗ್ಗುಲಿಗೆ ಕಿವಿಯನ್ನು ಎಳೆದು ತಂದು ಕೂರಿಸಿದಳು.

ಕಿವಿ ಹಿಂದಕ್ಕೆ ಮುಖ ಮಾಡಿ ಕೂತಿತು.

ಕೂರಿಸಿದ್ದು ತಪ್ಪಿತೆಂದು ತಿರುಗಿಸಿದಳು. ಮುಂದಕ್ಕೆ ಮುಖ ಮಾಡಿದರೆ ತಲೆಕೆಳಗಾಗುತ್ತಿತ್ತು. ನೆಟ್ಟಗಾದರೆ ಹಿಂದಕ್ಕೆ ನೋಡುತ್ತಿತ್ತು. ಕನ್ನಡಕದ ತೋಡು ಕೆನ್ನೆಯ ಕಡೆಗೆ ಬಂದಿತ್ತು. ಅವಳ ಬೆರಳುಗಳಿಗೆ ಮೊದಲು ಗೊತ್ತಾಯಿತು. ಒಮ್ಮೆ ಒತ್ತಿದ್ದೂ ತಾಗಿತ್ತು, ಎರಡನೇ ಸಲದ್ದೂ ತಾಗಿತ್ತು. ಮಗುಚಿದ್ದು ಮತ್ತೆ ಮಗುಚಿ, ಕಿವಿ ಬಲಗಿವಿಯಾಗಿಯೇ ಉಳಿದಿತ್ತು. ಆಕೆಗೆ ಇದ್ದದ್ದೇ ಬಲಗಿವಿ. ಅವಳು ಆಕೆಗೆ ಇನ್ನೊಂದು ಬಲಗಿವಿ ಮಾಡಿದ್ದಳು.

ಎದ್ದು ಹಿಂದಿನ ಕೋಣೆಗೆ ನಡೆದಳು. ಓಡಬೇಕೆನಿಸಿತು, ಓಡಲಿಲ್ಲ. ಪ್ರಿಂಟರಿನ ಕಿತ್ತಳೆ ಬಣ್ಣದ ಮುಚ್ಚಳದ ಮುಂದೆ ಡಾಕ್ಟರು ಬಗ್ಗಿ ನಿಂತು, ಒಳಗೆ ಪದರ ಪದರವಾಗಿ ಮೇಲೇಳುತ್ತಿದ್ದ ಕಿವಿಯನ್ನು ನೋಡುತ್ತಾ ಫೋನಿನಲ್ಲಿ ಮಾತಾಡುತ್ತಿದ್ದರು.

"ಇಲ್ಲ, ಈಗ ಬೇಡ. ಹೌದು, ನಮ್ಮವರೇ ಮುಗಿಸಿದ್ರು. ಅರ್ಥ ಆಗುತ್ತೆ, ಆದ್ರೆ ನಮ್ಮಲ್ಲಿ ನೋಡಿ, ಒಬ್ರು ಮನುಷ್ಯರು ಕೂತು ಮಾಡ್ತಾರೆ. ಆ ವ್ಯತ್ಯಾಸ ಕಾಣುತ್ತೆ." ಫೋನಿಟ್ಟು ತಿರುಗಿದರು. ಮುಖದಲ್ಲಿ ದೊಡ್ಡ ಮನಸ್ಸು ಮಾಡಿದ ಕಳೆಯಿತ್ತು. "ಕಂಪನಿಯವರಿಗೆ ಬೇಡ ಅಂದ್ಬಿಟ್ಟೆ. ಬೆಳಿಗ್ಗೆ ನಿಮಗೆ ಬೇಜಾರಾಯ್ತೇನೋ."

"ಇಲ್ಲ."

"ಏನೋ ಹೇಳೋಕೆ ಬಂದ್ರಿ?"

ಮುಚ್ಚಳದ ಹಿಂದೆ ತೊಟ್ಟಿಯಿಂದ ತಟ್ಟೆ ಎದ್ದು, ಒಂದು ಹನಿ ಬಿಟ್ಟು, ಮತ್ತೆ ಮುಳುಗಿತು.

"ಮಷೀನ್ ಸರಿಹೋಯ್ತು. ಅದನ್ನೇ ಹೇಳೋಣ ಅಂತ."

"ಒಳ್ಳೇದಾಯ್ತಲ್ಲ," ಎಂದು ಅವರು ಹೊರಟರು.

ಆಮೇಲೆ ಹೇಳಬಹುದು ಅಂದುಕೊಂಡಳು. ಮಾದರಿ ಕೈಗೆ ಬಂದಾಗ ಅವರೇ ನೋಡುತ್ತಾರೆ. ನೋಡಿದವರು, ಇದೇನು ಎಂದು ಕೇಳುತ್ತಾರೆ. ಆಗ ಹೇಳಲು ಸುಲಭ.

ಗಂಡ ಫೋನ್ ಮಾಡಿದ. "ಏನಾಯ್ತು, ಸರಿಹೋಯ್ತಾ?"

"ಹೋಯ್ತು."

"ನೋಡಿದ್ಯಾ? ಡ್ರೈವರ್ ತೆಗೆದು ಹಾಕಿದ್ರೆ ಸರಿಹೋಗುತ್ತೆ ಅಂತ ನಂಗೆ ಗೊತ್ತಿತ್ತು. ಸುಮ್ನೆ ಗಾಬರಿ ಬೀಳ್ತೀಯ."

"ಹೂಂ."

"ಏನು ಹೂಂ?"

"ಬರ್ತಾ ಹಾಲು ತನ್ನಿ."

ಮೇಣದಣ್ಣ ಮಾದರಿಯನ್ನು ತೊಳೆದು, ಒರೆಸಿ, ಅಂಗೈ ಮೇಲಿಟ್ಟುಕೊಂಡು ತಂದ. ತಿಳಿಹಳದಿ ಬಣ್ಣದ, ಬೆಚ್ಚಗಿನ ಕಿವಿ. ಡಾಕ್ಟರು ಅದನ್ನು ದೀಪಕ್ಕೆ ಹಿಡಿದು ಅಂಚಿನ ಮೇಲೆ ಬೆರಳಾಡಿಸಿದರು. "ಎಂಥಾ ನಯ ನೋಡು. ನಿಜವಾದ್ದೂ ಇಷ್ಟು ಚೆನ್ನಾಗಿರಲ್ಲ." ಹಾಲೆಯನ್ನು ಹಿಂಡಿ ನಕ್ಕರು. ತೋಡಿನಲ್ಲಿ ತಮ್ಮ ಪೆನ್ನನ್ನು ಇಟ್ಟು, "ಕನ್ನಡಕ ಕೂರುತ್ತೆ," ಅಂದರು.

ಅವಳು ಕಾದಳು.

"ಸರಿಯಾಗಿ ನೋಡಿದ್ರಾ?" ಅಂದಳು.

"ನೀವು ನೋಡಿದೀರಲ್ಲ." ಕೈಗಡಿಯಾರ ನೋಡಿಕೊಂಡರು. "ನಾಳೆ ಹತ್ತಕ್ಕೆ ಆಕೆ ಬಂದ ಕೂಡ್ಲೇ ಇಟ್ಟುಬಿಡೋಣ. ನಂಗೆ ಪ್ಯಾಕಿಂಗ್ ಬೇರೆ ಆಗಿಲ್ಲ." ಅವರು ಮೆಟ್ಟಿಲಿಳಿದ ಸದ್ದು ಕೇಳಿತು.

"ನೀನು ನೋಡಿದ್ಯಾ?" ಎಂದು ಮೇಣದಣ್ಣನನ್ನು ಕೇಳಿದಳು.

"ಡಾಕ್ಟ್ರೇ ನೋಡಿದ್ರಲ್ಲಕ್ಕ." ಅವನು ಏಪ್ರನ್ ಬಿಚ್ಚಿ ಮೊಳೆಗೆ ಹಾಕಿದ. "ಬೀಗ ನೀವೇ ಹಾಕ್ಕೊಳ್ತೀರಾ?"

ಲ್ಯಾಬಿನಲ್ಲಿ ಈಗ ಅವಳು ಒಬ್ಬಳೇ. ಯಂತ್ರ ಸದ್ದಿಲ್ಲದೆ ಕಾಯುತ್ತಿತ್ತು. ಒಂದು ಸಲ ಒತ್ತಿದರೆ ಎಡಗಿವಿ. ಪ್ರಿಂಟರಿಗೆ ಕಳಿಸಿ ಕೂತರೆ ಊಟದ ಹೊತ್ತಿಗೆ ಹೊಸತು ಸಿದ್ಧ. ಇದನ್ನು ಚೀಲಕ್ಕೆ ಹಾಕಿಕೊಂಡು ಹೋಗಿ ಎಲ್ಲಾದರೂ ಎಸೆದುಬಿಡಬಹುದು. ಯಾರಿಗೂ ಗೊತ್ತಾಗುವುದಿಲ್ಲ. ಯಾರಿಗೂ ಗೊತ್ತಾಗುವುದಿಲ್ಲ ಎಂಬ ಮಾತು ಎಲ್ಲೋ ಒಳಗೆ ಹೋಗಿ ತಾಗಿ, ಅಲ್ಲೇ ಕೂತುಬಿಟ್ಟಿತು. ತಪ್ಪಿದ್ದೂ ಯಾರಿಗೂ ಗೊತ್ತಿಲ್ಲ. ತಿದ್ದಿದ್ದೂ ಯಾರಿಗೂ ಗೊತ್ತಾಗುವುದಿಲ್ಲ. ನಡುವೆ ಅವಳು.

ಕಿವಿಯನ್ನು ಎತ್ತಿಕೊಂಡು ಪೇಷೆಂಟುಗಳನ್ನು ಕೂರಿಸುವ ಪಕ್ಕದ ಕೋಣೆಗೆ ಹೋದಳು. ಅಲ್ಲೊಂದು ಎತ್ತರದ ಕುರ್ಚಿ, ಅದರ ಎದುರು ಗೋಡೆಯಗಲದ ಕನ್ನಡಿ. ಕನ್ನಡಿಯ ಮುಂದಿನ ಹಲಗೆಯ ಮೇಲೆ ಕಿವಿಯನ್ನು ಅದರ ಪುಟ್ಟ ಸ್ಟ್ಯಾಂಡಿಗೆ ಸಿಕ್ಕಿಸಿ ನಿಲ್ಲಿಸಿದಳು. ನಾಳೆ ಆಕೆ ಎಲಾಸ್ಟಿಕ್ ಬಿಚ್ಚಿ, ಕನ್ನಡಕ ತೆಗೆದು, ಈ ಕುರ್ಚಿಯಲ್ಲಿ ಕೂರುತ್ತಾಳೆ. ಏನಾದರೂ ತಮಾಷೆ ಮಾತಾಡುತ್ತಾಳೆ. ಡಾಕ್ಟರು ಕೂದಲು ಸರಿಸುತ್ತಾರೆ. ಆ ಸಪಾಟು ಜಾಗಕ್ಕೆ ಇದನ್ನು ಹಿಡಿಯುತ್ತಾರೆ. ಆಗಲಾದರೂ ಯಾರಾದರೊಬ್ಬರು ನೋಡಲೇಬೇಕು.

ಪಾಪ ಅನಿಸಿತು. ಅನಿಸಿದ್ದು ನಿಜವಾಗಿಯೇ ಇತ್ತು, ಆದರೆ ಎಷ್ಟೋ ದೂರದಲ್ಲಿ, ಗಾಜಿನಾಚೆ.

ನಾಳೆ ಬೇಗ ಬರುವುದಿಲ್ಲ. ಹತ್ತಕ್ಕೇ ಬರುತ್ತೇನೆ, ಎಲ್ಲರ ಹಾಗೆ. ಬಾಗಿಲ ಹತ್ತಿರ ನಿಲ್ಲುತ್ತೇನೆ. ಏನೂ ಹೇಳುವುದಿಲ್ಲ. ಹೀಗೆಂದು ತೀರ್ಮಾನಿಸಿದ್ದು ಅವಳಿಗೆ ತೀರ್ಮಾನದಂತೆ ಅನಿಸಲಿಲ್ಲ; ಇಡೀ ದಿನ ಹೊತ್ತುಕೊಂಡಿದ್ದೇನನ್ನೋ ಕೆಳಗಿಟ್ಟ ಹಾಗಿತ್ತು. ತನ್ನ ಕೋಣೆಗೆ ಹೋಗಿ ಕಂಪ್ಯೂಟರನ್ನು ಆರಿಸಿ ಬಂದಳು. ಚೀಲವನ್ನು ಹೆಗಲಿಗೇರಿಸಿಕೊಂಡು ಸ್ವಿಚ್ಚಿಗೆ ಕೈಹಾಕಿದಾಗ ಕಣ್ಣು ಮತ್ತೆ ಕನ್ನಡಿಯ ಕಡೆ ಹೋಯಿತು.

ಕನ್ನಡಿಯೊಳಗಿನ ಹಲಗೆಯ ಮೇಲೆ ಒಂದು ಎಡಗಿವಿ ಇತ್ತು. ನಯವಾದ ಅಂಚು, ಎಲ್ಲಿ ಇರಬೇಕೋ ಅಲ್ಲೇ ಇದ್ದ ತೋಡು, ಒಂದೂ ತಪ್ಪಿಲ್ಲ. ಅದರ ಹಿಂದೆ ಒಂದು ಖಾಲಿ ಕುರ್ಚಿ, ಅದರಾಚೆ ಚೀಲ ಹೊತ್ತ ಒಬ್ಬ ಹೆಂಗಸು ಬಾಗಿಲಲ್ಲಿ ನಿಂತಿದ್ದಳು. ಆ ಕೋಣೆಯಲ್ಲಿ ಎಲ್ಲವೂ ಸರಿಯಾಗಿತ್ತು. ಅವಳು ಅಲ್ಲಿಂದ ಇತ್ತ ನೋಡಿದಳು, ಗುರುತು ಹಿಡಿಯದವರಂತೆ. ಆಮೇಲೆ ಕೈಯೆತ್ತಿ ದೀಪ ಆರಿಸಿದಳು.